ಮಜ್ಜಿಗೆ ತಡೆದು ಮಾಡಿದ ಭಾಷಣ

ರಾಮನಗರದ ಕಲ್ಯಾಣ ಮಂಟಪವೊಂದರಲ್ಲಿ ಕಳೆದ ವರ್ಷ ಸಾಫ್ಟ್‌ವೇರ್ ಸಮ್ಮೇಳನ ನಡೆಯಿತು. ‘ಎಲ್ಲ ಕಂಪ್ಯೂಟರ್ ಭಾಷೆಗಳ ಬಳಗದವರಿಗೂ ಸ್ವಾಗತ’ ಎಂದು ಬಾಗಿಲಲ್ಲೇ ಬ್ಯಾನರ್. ನಾನು ಮಾಗಡಿಯಲ್ಲಿ ಪುಟ್ಟ ಅಂಗಡಿ ಇಟ್ಟುಕೊಂಡು, ಪಿಎಚ್‌ಪಿ ಎಂಬ ಹಳೆಯ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟುವವಳು. ಜನರೆದುರು ನಿಂತು ನನ್ನ ಕೆಲಸದ ಬಗ್ಗೆ ಮಾತಾಡುವ ಅವಕಾಶ ಮೊದಲ ಸಲ ಸಿಕ್ಕಿತ್ತು. ರೇಷ್ಮೆ ಸೀರೆ ಉಟ್ಟು, ಬಸ್ಸಿನ ನೂಕಾಟದಲ್ಲಿ ನೆರಿಗೆ ಕಾಪಾಡಿಕೊಂಡು ಹೋಗಿದ್ದೆ.

ಊಟಕ್ಕೆ ಮುಂಚೆ ಸಂಘಟಕ ಬಂದ. ಕನಕಪುರದವನು, ಲ್ಯಾಪ್‌ಟಾಪ್ ತುಂಬ ಹೊಸ ಹೊಸ ಭಾಷೆಗಳ ಸ್ಟಿಕ್ಕರ್ ಅಂಟಿಸಿಕೊಂಡವನು.

“ಅಕ್ಕ, ಬೇಜಾರ್ ಮಾಡ್ಕೋಬೇಡಿ, ಟೈಮ್ ಸಾಲ್ತಿಲ್ಲ. ನಿಮ್ ಭಾಷಣ ಕ್ಯಾನ್ಸಲ್. ಪಿಎಚ್‌ಪಿ ಬಗ್ಗೆ ಈಗ ಯಾರ್ ಕೇಳ್ತಾರೆ ಹೇಳಿ?”

ಮೈಯೆಲ್ಲ ಉರಿಯಿತು. ಸ್ವಾಗತವಂತೆ ಸ್ವಾಗತ! ಕರೆದು ಕೆರದಲ್ಲಿ ಹೊಡೆಯುವುದು ಎಂದರೆ ಇದೇ. ಅಳುವೂ ಬಂತು. ಅದು ಅವನ ಕಣ್ಣಿಗೆ ಬೀಳಬಾರದೆಂದು ಅಡುಗೆಮನೆಗೆ ನುಗ್ಗಿದೆ.

ಅಡುಗೆಯವರು ಕುದೂರಿನ ಕಡೆಯವರು. ನನ್ನ ಮದುವೆಗೂ ಅವರದೇ ಅಡುಗೆ. ಅವರ ಮಜ್ಜಿಗೆ ದಬರಿ ನೋಡುತ್ತಲೇ ಒಂದು ಕಿತಾಪತಿ ಹೊಳೆಯಿತು. ಪಂಕ್ತಿಯಲ್ಲಿ ಕೂತವರು ಮಜ್ಜಿಗೆ ಬರುವ ಮೊದಲೇ ಎಲೆ ಬಿಟ್ಟೇಳುವುದು ನಮ್ಮ ಕಡೆ ಮಹಾ ಅಮರ್ಯಾದೆ.

“ಅಣ್ಣ, ಸಾರನ್ನ ಆದ್ಮೇಲೆ ಮಜ್ಜಿಗೆ ಒಸಿ ತಡೀತೀರಾ?”

“ಅಷ್ಟೇ ತಾನೆ? ನೀನ್ ಸನ್ನೆ ಮಾಡಗಂಟ ಮುಚ್ಚಳನೇ ತೆಗೆಯಲ್ಲ, ಹೋಗವ್ವ,” ಎಂದರು.

ಸಾರನ್ನ ಮುಗಿಯಿತು. ಎಲ್ಲರ ಬಲಗೈ ಎಂಜಲು, ಫೋನ್ ಜೇಬಿನಲ್ಲಿ. ಸಂಘಟಕನೂ ಮೊದಲ ಸಾಲಿನಲ್ಲೇ ಸಿಕ್ಕಿಬಿದ್ದಿದ್ದ. ಅವನ ಎಲೆಯ ಮುಂದೆಯೇ ನಿಂತು ಶುರುಹಚ್ಚಿಕೊಂಡೆ. ಎರಡು ಮನೆಯವರು ಒಂದೇ ಗಳಿಗೆಯಲ್ಲಿ ಒಂದೇ ಮಂಟಪ ಬುಕ್ ಮಾಡಲು ಹೊರಟರೆ ನಾನು ಪಿಎಚ್‌ಪಿಯಲ್ಲಿ ಕಟ್ಟಿದ ಬುಕಿಂಗ್ ವೆಬ್‌ಸೈಟ್ ಅದನ್ನು ಹೇಗೆ ತಡೆಯುತ್ತದೆ ಎಂದು ವಿವರಿಸಿದೆ. ಇಲ್ಲದಿದ್ದರೆ ಎರಡು ದಿಬ್ಬಣ, ಎರಡು ವಾಲಗ, ಇರುವುದೊಂದೇ ಹಸೆಮಣೆ! ಜನ ಗೊಳ್ಳೆಂದು ನಕ್ಕರು. ಯಾರೋ “ಮಜ್ಜಿಗೆ!” ಎಂದು ಕೂಗಿದರು. ಅಡುಗೆಯವರಿಗೆ ಆಗಷ್ಟೇ ಕಿವುಡು ಬಂದಿತ್ತು.

ಮಾತು ಮುಗಿಸಿದಾಗ ಸಂಘಟಕ ಪಿಸುಗುಟ್ಟಿದ: “ಅಕ್ಕ, ನಾನು ಸಂಬಳಕ್ಕೆ ಮಾಡೋದೂ ಪಿಎಚ್‌ಪಿನೇ. ಗೊತ್ತಾದ್ರೆ ನಗ್ತಾರೆ ಅಂತ ಯಾರ್ಗೂ ಹೇಳಿಲ್ಲ.”

ಸಿಟ್ಟು ಇಳಿದುಹೋಯಿತು. ಪಾಪ, ನನ್ನನ್ನು ಓಡಿಸಿ ತಾನು ಬಚ್ಚಿಟ್ಟುಕೊಂಡಿದ್ದ. ಹಾಗಂತ ಸುಮ್ಮನೆ ಬಿಡುವವಳೇ ನಾನು?

“ಜೋರಾಗ್ ಹೇಳಪ್ಪ. ಅಲ್ಲೀಗಂಟ ಯಾರ್ಗೂ ಮಜ್ಜಿಗೆ ಇಲ್ಲ.”

ಅವನು ಎದ್ದು ನಿಂತು ಹೇಳಿದ. ಆಮೇಲೆ ಸಾಲಿನ ಉದ್ದಕ್ಕೂ ಒಂದೊಂದೇ ಎಂಜಲು ಕೈ ಮೇಲೆದ್ದಿತು: “ನಾನೂ ಅದೇ.” “ನಾನೂ.”