ಗುಳಿಗೆ ವಿಚಾರಿಸುವ ಕೋಣೆ

ನನ್ನ ಹೆಂಡತಿ ತೀರಿಕೊಂಡದ್ದು ಸಕ್ಕರೆ ಕಾಯಿಲೆಯಿಂದ ಎಂದು ಊರಿನವರು ಹೇಳುತ್ತಾರೆ. ಅಲ್ಲ. ಅವಳು ತೀರಿಕೊಂಡದ್ದು ಸಕ್ಕರೆ ಕಾಯಿಲೆಯ ಗುಳಿಗೆಯಿಂದ. ಕೇಳುವವರಿಗೆ ಬೇಸರವಾದರೂ ನಾನು ಪ್ರತಿ ಸಲ ಇದನ್ನು ತಿದ್ದುತ್ತೇನೆ.

ಸರಕಾರಿ ದವಾಖಾನೆಯ ಗುಳಿಗೆ ಸಣ್ಣದು, ಬಿಳಿ, ಪುಕ್ಕಟೆ. ಪುಕ್ಕಟೆ ಸಿಗುವುದರಲ್ಲಿ ಶಕ್ತಿ ಇರುವುದಿಲ್ಲ ಎಂಬುದು ನಮ್ಮ ಓಣಿಯ ನಂಬಿಕೆ. ಹಾಗಾಗಿ ಅವಳು ಹುಬ್ಬಳ್ಳಿಯ ಖಾಸಗಿ ಡಾಕ್ಟರರ ಹತ್ತಿರವೂ ಬರೆಸಿಕೊಂಡು ಬಂದಳು. ಸರಕಾರಿ ಗುಳಿಗೆಯ ವಿಷಯ ಅವರಿಗೆ ಹೇಳಲಿಲ್ಲ, ಅವರ ಗುಳಿಗೆಯ ವಿಷಯ ದವಾಖಾನೆಯಲ್ಲಿ ಹೇಳಲಿಲ್ಲ.

"ಎರಡ್ಯಾಕ?" ಎಂದು ಕೇಳಿದ್ದೆ.

"ಸರಕಾರಿದು ಹಗರ್ರಿ. ಅದರ ಬೆನ್ನಿಗೆ ಒಂದು ಗಟ್ಟಿದು ಬೇಕು. ನೀವು ಸುಮ್ಕ ಗಾಡಿ ಹೊಡೀರಿ."

ನಾನು ಬಾಡಿಗೆಗೆ ಟಂಟಂ ರಿಕ್ಷಾ ಹೊಡೆಯುವವನು. ಹತ್ತನೆಯ ತರಗತಿ ಮುಗಿಸಿದ್ದೇನೆ. ಎರಡೂ ಗುಳಿಗೆ ಪಟ್ಟಿಗಳ ಮೇಲಿನ ಇಂಗ್ಲಿಷ್ ಹೆಸರನ್ನು ಅಕ್ಷರ ಕೂಡಿಸಿ ಓದಿದ್ದೆ. ಹೆಸರು ಬೇರೆ ಬೇರೆ ಇದ್ದವು. ಕಂಪನಿ ಇಟ್ಟ ಹೆಸರು ಬೇರೆಯಾದರೂ ಒಳಗಿನ ಔಷಧ ಒಂದೇ ಇರಬಹುದೆಂದು ನಮಗೆ ಯಾರು ಹೇಳಬೇಕಿತ್ತು?

ಶ್ರಾವಣ ಸೋಮವಾರ ಅವಳದು ಉಪವಾಸ. ಸಂಜೆಯ ಪೂಜೆ ಮುಗಿಯುವವರೆಗೆ ನೀರು ಬಿಟ್ಟರೆ ಬೇರೇನೂ ಇಲ್ಲ. ಗುಳಿಗೆಯಿಂದ ಉಪವಾಸ ಮುರಿಯುವುದಿಲ್ಲವೆಂದು ಬೆಳಿಗ್ಗೆಯೇ ಎರಡನ್ನೂ ನುಂಗಿದ್ದಳು. ಮಧ್ಯಾಹ್ನ ನಾನು ಮನೆಗೆ ಬಂದಾಗ ಬೆವರಿನಲ್ಲಿ ತೊಯ್ದು ದೇವರ ಜಗಲಿಯ ಮುಂದೆ ಬಿದ್ದಿದ್ದಳು. ನನ್ನ ಗಾಡಿಯಲ್ಲೇ ಸರಕಾರಿ ದವಾಖಾನೆಗೆ ಒಯ್ದೆ. ಒಂದೇ ಔಷಧ ಎರಡು ಪಾಲು ಬಿದ್ದು, ಖಾಲಿ ಹೊಟ್ಟೆಯಲ್ಲಿ ಸಕ್ಕರೆ ತೀರ ಇಳಿದುಹೋಗಿದೆ ಎಂದರು. ಅವಳು ಮತ್ತೆ ಕಣ್ಣು ತೆರೆಯಲಿಲ್ಲ.

ಮುಂದಿನ ವರ್ಷ ಅದೇ ದವಾಖಾನೆಯಲ್ಲಿ ಔಷಧ ಮಾಹಿತಿ ಕೋಣೆ ಶುರುವಾಯಿತು. ಗುತ್ತಿಗೆಯ ಮೇಲೆ ಬಂದ ಒಬ್ಬ ಹೆಣ್ಣುಮಗಳು, ಒಂದು ಕಂಪ್ಯೂಟರ್, ಒಂದು ಫೋನ್. ಯಾವ ಗುಳಿಗೆಯ ಜತೆ ಯಾವುದು ಬೇಡ ಎಂದು ಡಾಕ್ಟರರೂ ಅಲ್ಲಿಗೆ ಫೋನ್ ಮಾಡಿ ಕೇಳುತ್ತಿದ್ದರು. ನಮ್ಮ ಕಡೆ ಇಡೀ ಮನೆಯ ಗುಳಿಗೆಗಳು ಒಂದೇ ಚೀಲದಲ್ಲಿ, ಗೋಡೆಯ ಮೊಳೆಗೆ ತೂಗುತ್ತಿರುತ್ತವೆ. ಆ ಚೀಲ ಇಳಿಸಿಕೊಂಡು ಬನ್ನಿ ಎಂದು ನಾನು ಗಾಡಿ ಹತ್ತಿದವರಿಗೆಲ್ಲ ಹೇಳತೊಡಗಿದೆ.

"ಗಾಡಿ ಹೊಡಿಯಾಂವ ಡಾಕ್ಟರ್ ಆಗ್ಯಾನ ನೋಡವಾ!" ಎಂದು ತಿರ್ಲಾಪುರದ ಅಜ್ಜಿಯೊಬ್ಬಳು ಬೈದಳು. ಬೈದರೂ ಚೀಲ ತಂದಳು. ಕೋಣೆಯ ಹೆಣ್ಣುಮಗಳು ಗುಳಿಗೆಗಳನ್ನು ಮೇಜಿನ ಮೇಲೆ ಸುರಿದು ವಿಂಗಡಿಸುತ್ತ ಒಂದು ಪಟ್ಟಿಯನ್ನು ಎತ್ತಿ ಹಿಡಿದಳು.

"ಇವು ಯಾರವು ಅಜ್ಜಿ?"

"ನಮ್ಮ ಯಜಮಾನರವು. ಅವರು ಹ್ವಾದ್ರು, ಇವು ಉಳದ್ವು. ಹಾಳ ಯಾಕ ಮಾಡೂದಂತ ನಾನ ತಿನ್ನಾಕ ಹತ್ತೇನಿ."

ಸುತ್ತ ಇದ್ದವರೆಲ್ಲ ನಕ್ಕರು. ಅಜ್ಜಿಯೂ ನಕ್ಕಳು. ಅವು ಹೃದಯದ ಗುಳಿಗೆಗಳಾಗಿದ್ದವು.

ಈ ವರ್ಷ ಕೋಣೆ ಮುಚ್ಚುತ್ತಾರೆಂದು ಸುದ್ದಿ ಬಂತು. ನಾನು ದೊಡ್ಡ ಡಾಕ್ಟರರ ಮುಂದೆ ಹೋಗಿ ನಿಂತೆ.

"ಕೋಣಿ ನಡಸೂದು ತುಟ್ಟಿ ಆಗೇತ್ರಿ," ಎಂದರು. "ಪಗಾರ, ನೆಟ್ಟು, ವರ್ಷಾ ಹೊಸ ಪುಸ್ತಕ. ಆ ರೊಕ್ಕದಾಗ ಇನ್ನಷ್ಟು ಗುಳಿಗಿ ತರಸಬಹುದು."

"ನನ್ನ ಹೆಂಡತಿ ಗುಳಿಗಿ ಕಡಿಮಿ ಬಿದ್ದು ಸತ್ತಿಲ್ರಿ. ಹೆಚ್ಚಾಗಿ ಸತ್ತಾಳ."

ಅವರು ಪೆನ್ನು ಕೆಳಗಿಟ್ಟರು. ಕೆಟ್ಟ ಮನುಷ್ಯರಲ್ಲ. "ನಿಮ್ಮ ದುಃಖ ತಿಳಿತೈತ್ರಿ. ಆದ್ರ ಆ ಕೋಣಿಯಿಂದ ಯಾರ‍್ಯಾರು ಉಳದ್ರು ಅಂತ ಮ್ಯಾಲಿನವರಿಗೆ ಹೆಂಗ ತೋರಸ್ಲಿ?"

ಆ ಮಾತು ನಿಜ. ಉಳಿದವರು ಉಂಡು ಹೊಲಕ್ಕೆ ಹೋಗುತ್ತಾರೆ. ತಾವು ಉಳಿದದ್ದು ಅವರಿಗೇ ಗೊತ್ತಿರುವುದಿಲ್ಲ. ಆದರೆ ಸತ್ತವಳ ಖರ್ಚು ಎಲ್ಲಿ ಬಿತ್ತು? ದವಾಖಾನೆಯ ಮೇಲೆ ಬೀಳಲಿಲ್ಲ, ಮೇಲಿನವರ ಮೇಲೂ ಬೀಳಲಿಲ್ಲ. ಅದು ನನ್ನ ಮನೆಯ ಮೇಲೆ ಬಿತ್ತು. ನನ್ನ ಮನೆಯ ಮೇಲೆ ಬಿದ್ದರೆ ಅದು ಖರ್ಚಲ್ಲವೇ? ಇಷ್ಟನ್ನೂ ಅವರಿಗೆ ಹೇಳಿದೆ. ಧ್ವನಿ ಏರಿಸಲಿಲ್ಲ, ನನಗೆ ಅದು ಬರುವುದಿಲ್ಲ.

ಕೋಣೆಯನ್ನು ಪೂರ್ತಿ ಮುಚ್ಚಲಿಲ್ಲ. ವಾರಕ್ಕೆ ಎರಡು ದಿನ ಎಂದು ಬಾಗಿಲಿಗೆ ಹಾಳೆ ಅಂಟಿಸಿದರು. ಉಳಿದ ದಿನ ಆ ಹೆಣ್ಣುಮಗಳಿಗೆ ಔಷಧ ಹಂಚುವ ಕಿಟಕಿಯ ಕೆಲಸ. ಇಷ್ಟಾದರೂ ಆಯಿತಲ್ಲ, ದೊಡ್ಡ ಡಾಕ್ಟರರಿಗೆ ಉಪಕಾರವಾಯಿತೆಂದು ಒಂದು ಮಾತು ಹೇಳಿ ಬಾ ಎಂದರು ಜನ. ನಾನು ಹೋಗಲಿಲ್ಲ. ಮಂದಿ ವಾರಕ್ಕೆ ಎರಡೇ ದಿನ ಗುಳಿಗೆ ನುಂಗುತ್ತಾರೇನು?

ಬೀಗ ಇರುವ ದಿನವೂ ಗಾಡಿ ಹತ್ತಿದವರನ್ನು ಕರೆತರುತ್ತೇನೆ. ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ನಾವು ಬಾಗಿಲ ಮುಂದಿನ ಬೆಂಚಿನ ಮೇಲೆ ಕೂರುತ್ತೇವೆ.

"ಇವತ್ತ ತಗಿಯೂದಿಲ್ಲೋ ಕಾಕಾ," ಎನ್ನುತ್ತಾನೆ ಕಾವಲುಗಾರ.

"ಗೊತ್ತೈತಿ. ಕುಂಡ್ರತೇವಿ."

ರೌಂಡಿಗೆ ಹೊರಟ ದೊಡ್ಡ ಡಾಕ್ಟರರು ನಮ್ಮ ಮೊಣಕಾಲುಗಳನ್ನು ದಾಟಿಕೊಂಡೇ ಹೋಗಬೇಕು. ನಿನ್ನೆ ನಿಂತು ಕೇಳಿದರು, "ಹಿಂಗ ಎಷ್ಟ ದಿನಾ ಕುಂಡ್ರತೀರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ತಿರ್ಲಾಪುರದ ಅಜ್ಜಿಯೇ ಹೇಳಿದಳು, "ಗುಳಿಗಿ ನುಂಗೂದು ಇರೂತನಕರಿ ಸಾಹೇಬ್ರ. ಅದನ್ನ ನೀವ ಬರದ ಕೊಟ್ಟೀರಿ, ಸಾಯೂತನಕ ಅಂತ."