ಕಾಪುವಿನ ಅಂಗಳದಲ್ಲಿ ಕಲಿತ ಭೌತಶಾಸ್ತ್ರ

ಬೆಳಗ್ಗೆ ಬಾಗಿಲು ತೆರೆದರೆ ಅಂಗಳದ ತುಂಬ ಮೀನು. ಚಾಪೆಯ ಮೇಲೆ ಒಣಗಲು ಹಾಕಿದ್ದ ಅಷ್ಟೂ ಮೀನುಗಳು ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದವು. ಇಳಕಲ್ಲಿನ ನೇಕಾರರ ಮನೆಯಲ್ಲಿ ಹುಟ್ಟಿದ ನಾನು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಓಡಿದೆ.

ಅದು ಎಪ್ಪತ್ತರ ದಶಕದ ಕೊನೆ. ಅಣ್ಣನಿಗೆ ಮಣಿಪಾಲದ ಮುದ್ರಣಾಲಯವೊಂದರಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿ ಮನೆ ಸಿಗದೆ ಕಾಪುವಿನಲ್ಲಿ ಎರಡು ಕೋಣೆ ಹಿಡಿದಿದ್ದ. ಅವನ ಜೊತೆಗಿದ್ದರೆ ಮಾತ್ರ ಓದು ಎಂದಿದ್ದರು ಅಪ್ಪ. ಹೀಗಾಗಿ ಉಡುಪಿಯ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಸೇರಿದೆ. ಮುಂದೆ ಧಾರವಾಡದ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಬೇಕೆಂಬುದು ನನ್ನ ಹಟ.

ಪಾಠ ಇಂಗ್ಲಿಷಿನಲ್ಲಿ, ಗೆಳತಿಯರ ಹರಟೆ ತುಳುವಿನಲ್ಲಿ. ನಮ್ಮೂರಿನ ಕನ್ನಡ ಬಾಯಿಗೆ ಬಂದರೆ ಹಿಂದಿನ ಬೆಂಚು ನಗುತ್ತಿತ್ತು. ನಮ್ಮಲ್ಲಿ ಬೆವರು ಬಂದಷ್ಟೇ ಬೇಗ ಆರುತ್ತದೆ. ಇಲ್ಲಿ ನೋಟುಬುಕ್ಕಿನ ಹಾಳೆಯೂ ಒದ್ದೆ. ಮೊದಲ ಪರೀಕ್ಷೆಯಲ್ಲಿ ಫೇಲಾದೆ.

ಉಪನ್ಯಾಸಕರು ಕರೆದು, "ಸುಮ್ಮನೆ ಕಷ್ಟಪಡುವುದು ಎಂತಕ್ಕೆ? ಆರ್ಟ್ಸಿಗೆ ಹೋಗಿ," ಎಂದರು. ಅವರದು ಕೋಪವೋ ಕನಿಕರವೋ, ಅದೂ ತಿಳಿಯಲಿಲ್ಲ.

ಆ ಸಂಜೆ ಟ್ರಂಕಿಗೆ ಬಟ್ಟೆ ತುಂಬುತ್ತಿದ್ದಾಗ ಮನೆಯೊಡತಿ ಕಮಲಕ್ಕ ಬಂದರು. ಮೀನು ಮಾರುವವರು; ಗಂಡ ದೋಣಿಯಲ್ಲಿ ಕಡಲಿಗೆ ಹೋಗುವವರು.

"ಎಂತ ಆಯಿತು ಮಾರಾಯ್ತಿ?"

"ಪಾಠ ತಲಿಗೆ ಹತ್ತವಲ್ದು ಅಕ್ಕಾ."

"ಯಾವ ಪಾಠ? ನನಗೆ ಹೇಳು ನೋಡುವ."

ಅಳುತ್ತಲೇ ಹೇಳಿದೆ. ಗಾಜಿನ ಪಾತ್ರೆಯಲ್ಲಿ ನೀರು. ಅದರ ತಳ ಇದ್ದುದಕ್ಕಿಂತ ಮೇಲೆ ಬಂದಂತೆ ಕಾಣುತ್ತದೆ. ಎಷ್ಟು ಮೇಲೆ ಎಂದು ಸೂಕ್ಷ್ಮದರ್ಶಕದಿಂದ ಅಳೆಯಬೇಕು. ಸೂತ್ರ ಬಾಯಿಪಾಠವಿತ್ತು, ಅರ್ಥವಾಗಿರಲಿಲ್ಲ.

ಕಮಲಕ್ಕ ನಕ್ಕುಬಿಟ್ಟರು. "ಅದಕ್ಕೆ ಮಿಶನ್ ಬೇಕಾ? ಮೀನು ಕಂಡ ಜಾಗದಲ್ಲಿ ಇರುವುದಿಲ್ಲ, ಇನ್ನೂ ಕೆಳಗೆ ಉಂಟು. ನಮ್ಮವರಿಗೆ ಎಲ್ಲ ಗೊತ್ತುಂಟು. ಆದರೆ ಅದು ಯಾಕೆ ಹಾಗೆ? ಅದನ್ನು ನೀನು ಹೇಳು."

ತುಂಬಿದ್ದ ಬಟ್ಟೆಯನ್ನು ಟ್ರಂಕಿನಿಂದ ಮತ್ತೆ ಹೊರಗೆ ತೆಗೆದೆ. ಮರುದಿನ ತರಗತಿಯಲ್ಲಿ ಎದ್ದುನಿಂತೆ. "ಸರ್, ಕನ್ನಡದಾಗ ಕೇಳ್ಲ್ಯಾ?" ಹಿಂದಿನ ಬೆಂಚು ನಕ್ಕಿತು. ಉಪನ್ಯಾಸಕರು ನಗಲಿಲ್ಲ. ಬೋರ್ಡಿನ ಮೇಲೆ ಬೆಳಕಿನ ಕಿರಣ ಬಾಗುವುದನ್ನು ಎರಡು ಸಲ ಬಿಡಿಸಿ ಕನ್ನಡದಲ್ಲೇ ವಿವರಿಸಿದರು. ಸಂಜೆ ನಾನು ಅದನ್ನು ಅಂಗಳದ ಮರಳಿನ ಮೇಲೆ ಕಮಲಕ್ಕನಿಗೆ ಬಿಡಿಸಿ ತೋರಿಸಿದೆ. ಅಂದಿನಿಂದ ದಿನವೂ ಅದೇ ರೂಢಿಯಾಯಿತು. ಅವರು ಮೀನು ಮಗುಚುತ್ತ ಪ್ರಶ್ನೆ ಕೇಳುವರು, ನಾನು ಉತ್ತರಿಸುವೆ. ವಾಸನೆ ಯಾವಾಗ ಮೂಗಿಗೆ ಬಡಿಯುವುದು ನಿಂತಿತೋ ನೆನಪಿಲ್ಲ. ನನಗೆಂದೇ ಹೊಸ ಮಡಕೆ ತಂದು, ಮೀನು ಸೋಕದಂತೆ ಅದರಲ್ಲಿ ಕುಚ್ಚಲಕ್ಕಿ ಗಂಜಿ ಬೇಯಿಸಿಡುತ್ತಿದ್ದರು.

ಮೂರು ವರ್ಷದ ಬಳಿಕ ಧಾರವಾಡದಲ್ಲಿ ಸೀಟು ಸಿಕ್ಕಿತು. ಹೊರಡುವ ದಿನ ಕಮಲಕ್ಕ ಬಸ್ಸಿನ ತನಕ ಬಂದರು. ನನ್ನ ಭಾಷೆಯ ಊರಿಗೇ ಹೋಗುತ್ತಿದ್ದೆ. ಆದರೂ ಏನನ್ನೋ ಬಿಟ್ಟು ಪರದೇಶಕ್ಕೆ ಹೊರಟಂತೆ ಅನಿಸಿದ್ದೇಕೆ?

ಮೊದಲ ರಜೆಗೆ ಇಳಕಲ್ಲಿಗೆ ಹೋದೆ. ಅವ್ವ ಬಿಸಿ ರೊಟ್ಟಿ ತಟ್ಟಿ ತಟ್ಟಿ ತಟ್ಟೆಗೆ ಹಾಕುತ್ತಿದ್ದಳು. ಹೊಟ್ಟೆ ತುಂಬಿ ಕೈ ಅಡ್ಡ ಹಿಡಿದೆ.

"ಯಾವು," ಎಂದೆ. ತುಳುವಿನಲ್ಲಿ ಅದು 'ಸಾಕು'; ನಮ್ಮ ಕಡೆ 'ಯಾವುವು' ಎಂಬ ಪ್ರಶ್ನೆ.

"ಯಾವು ಅಂದ್ರ?" ಅವ್ವ ಬೆರಗಾಗಿ ನೋಡಿದಳು. "ಇವ ರೊಟ್ಟಿ, ನಮ್ಮ ಮನೀವು." ಹೇಳುತ್ತಲೇ ಇನ್ನೊಂದು ಹಾಕಿದಳು.