ರಾಣೆಬೆನ್ನೂರಿನಲ್ಲಿ ನನ್ನ ಒಳಗನ್ನು ನಾನೇ ನೋಡಿದ್ದು

ಬ್ಯಾಡಗಿ ಬಿಟ್ಟಾಗ ಬೆಳಿಗ್ಗೆ ಏಳೂವರೆ. ರಾಣೆಬೆನ್ನೂರಿನ ಕೆಂಪು ಬಸ್ಸು, ಟಿಕೀಟು ಏಳು ರೂಪಾಯಿ. ಜೊತೆಗೆ ಮಾಬೂಬಿ. ಹದಿನೈದು ವರ್ಷದಿಂದ ಇಬ್ಬರೂ ಒಂದೇ ಸಾಲಿನಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಬಿಡಿಸುವವರು. ಹೊರಡುವ ಮೊದಲು ಎರಡು ತಂಬಿಗೆ ನೀರು ಕುಡಿದಿದ್ದೆ. ಹೋದ ತಿಂಗಳು ಹಾವೇರಿಯಲ್ಲಿ ಹೊಟ್ಟೆಯ ಮೇಲೆ ಸ್ಕ್ಯಾನಿಂಗ್ ಮಾಡುವಾಗ ಉಚ್ಚೆ ಕಟ್ಟಿಕೊಂಡು ಬಾ ಎಂದಿದ್ದರು. ಎಲ್ಲ ಕಡೆಯೂ ಅದೇ ಪದ್ಧತಿ ಎಂದುಕೊಂಡೆ.

ನನ್ನ ಕಾಯಿಲೆ ಹೇಳಿಬಿಡುತ್ತೇನೆ. ಐದು ಹೆತ್ತ ಮೇಲೆ ಕೆಳಗಿನಿಂದ ಗಡ್ಡೆಯಂಥದ್ದು ಹೊರಗೆ ಇಳಿಯುತ್ತಿತ್ತು. ಅದನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದರೆ ಮಾತ್ರ ಉಚ್ಚೆ ಬರುತ್ತಿತ್ತು. ಮೆಣಸಿನಕಾಯಿ ಬಿಡಿಸಿದ ಬೆರಳು. ಎಷ್ಟು ತೊಳೆದರೂ, ಎಣ್ಣೆ ಹಚ್ಚಿದರೂ ಖಾರ ಹೋಗುವುದಿಲ್ಲ. ಅದಕ್ಕೇ ಕೆಲಸದ ದಿನ ಸಂಜೆಯವರೆಗೆ ಗುಟುಕು ನೀರೂ ಕುಡಿಯುತ್ತಿರಲಿಲ್ಲ, ಉಚ್ಚೆ ಬಂದರೂ ಬಿಗಿ ಹಿಡಿದು ಕೂರುತ್ತಿದ್ದೆ. ಹಾವೇರಿಯ ಡಾಕ್ಟರು ಗಂಡಸು. ಬೆರಳಿನ ಮಾತು ಅವರಿಗೆ ಹೇಳಲಿಲ್ಲ, ಅದು ಮಾಬೂಬಿ ಒಬ್ಬಳಿಗೇ ಗೊತ್ತಿತ್ತು. ಗರ್ಭಚೀಲ ತೆಗೆಸಿಬಿಡು ಎಂದರು. ತೆಗೆಸಿದ ಮೇಲೂ ಬೆರಳು ಬೇಕಾದರೆ? ಅದೊಂದೇ ನನ್ನ ಚಿಂತೆ. ಬುಧವಾರ ರಾಣೆಬೆನ್ನೂರಿಗೆ ಬರುವ ಡಾಕ್ಟರಬಾಯಿ ಕೆಳಗಿನಿಂದಲೇ ಮಷೀನು ಇಟ್ಟು ನೋಡುತ್ತಾರೆ ಎಂದು ಮಾಬೂಬಿ ಸುದ್ದಿ ತಂದಿದ್ದಳು.

ಮೋಟೆಬೆನ್ನೂರು ದಾಟುವಷ್ಟರಲ್ಲಿ ಹೊಟ್ಟೆ ಗಡಿಗೆಯಾಗಿತ್ತು. ರಸ್ತೆಯ ತಗ್ಗು ಒಂದೊಂದೂ ನನಗೆ ಗೊತ್ತಾಯಿತು.

"ನಗಸಬ್ಯಾಡ ಮಾಬೂಬಿ, ಸೀಟ ತೊಯ್ತದ" ಎಂದೆ.

"ನಾ ಎಲ್ಲಿ ನಗಸಾಕತ್ತೇನಿ ಯಕ್ಕಾ? ನಿನ್ನ ಮಾರಿ ನೋಡಿ ನಾನ ನಗಾಕತ್ತೇನಿ."

ಬಸ್‌ ಸ್ಟ್ಯಾಂಡಿನಿಂದ ದವಾಖಾನೆಗೆ ಹತ್ತು ನಿಮಿಷ, ಆ ಬಿಸಿಲಿಗೆ ನನಗೆ ಇಪ್ಪತ್ತು. ಪಾಳಿ ಬಂದಾಗ ಹನ್ನೊಂದು. ಡಾಕ್ಟರಬಾಯಿ ಸಣ್ಣ ವಯಸ್ಸಿನವರು. ಹೊಟ್ಟೆ ಮುಟ್ಟಿದವರೇ, "ಇಷ್ಟ್ಯಾಕ ಕಟ್ಟಿಕೊಂಡು ಬಂದೀರಿ ಅಮ್ಮಾರ? ಇದಕ್ಕ ಖಾಲಿ ಇರಬೇಕು. ಹೋಗಿ ಬರ್ರಿ" ಎಂದರು. ಅಷ್ಟು ಹೊತ್ತು ಹಿಡಿದದ್ದು ದಂಡವಾಯಿತು.

ಮಲಗಿಸಿ, ಮಷೀನಿನ ಹಿಡಿಗೆ ರಬ್ಬರ್ ಚೀಲ ತೊಡಿಸಿ, ತಣ್ಣನೆಯ ಲೋಳೆ ಹಚ್ಚಿ ಕೆಳಗೆ ಇಟ್ಟರು. ನೋವಿಲ್ಲ. ಪರದೆಯನ್ನು ನನ್ನ ಕಡೆ ತಿರುಗಿಸಿದರು.

"ಈ ಕರೇದು ಉಚ್ಚಿಚೀಲ. ಹಿಂದಿಂದು ಗರ್ಭಚೀಲ. ಈಗ ತಿಣುಕ್ರಿ."

ತಿಣುಕಿದೆ. ಗರ್ಭಚೀಲ ಒಂದಿಷ್ಟು ಅಲುಗಿತು. ಕರಿ ಚೀಲ ಮಾತ್ರ ಸರ್ರನೆ ಕೆಳಗೆ ಜಾರಿತು, ಅದರ ಬಾಯಿಯ ಕೊಳವೆ ಮಡಚಿಕೊಂಡಿತು. ಐವತ್ತೆಂಟು ವರ್ಷ ಹೊತ್ತು ತಿರುಗಿದ ಮೈಯ ಒಳಗನ್ನು ಮೊದಲ ಸಲ ನೋಡಿದೆ. ಇನ್ನೊಮ್ಮೆ ತಿಣುಕಲೇ ಎಂದು ನಾನೇ ಕೇಳಿದೆ.

ಡಾಕ್ಟರಬಾಯಿ ದನಿ ತಗ್ಗಿಸಿದರು. "ಬೆರಳಿಂದ ಒತ್ತಿದ್ರನ ಉಚ್ಚಿ ಆಗ್ತದೇನ್ರಿ?"

ನಾನು ತಲೆಯ ಹತ್ತಿರ ನಿಂತಿದ್ದ ಮಾಬೂಬಿಯನ್ನು ನೋಡಿದೆ.

"ಅಲ್ಲಾನ ಆಣಿ ಯಕ್ಕಾ, ನಾ ಹೇಳಿಲ್ಲ" ಎಂದಳು.

"ಯಾರೂ ಹೇಳಿಲ್ರಿ, ಚಿತ್ರದಾಗ ಕಾಣ್ತದ" ಎಂದರು ಡಾಕ್ಟರಬಾಯಿ. "ಇಳದಿರೋದು ಉಚ್ಚಿಚೀಲ. ಬರೇ ಗರ್ಭಚೀಲ ತಗದ್ರ ಈ ತ್ರಾಸ ಹಾಂಗ ಉಳೀತದ. ಈಗ ಉಚ್ಚಿ ತಡದಂಗ ಬಿಗಿ ಹಿಡೀರಿ."

ಹಿಡಿದೆ. ತಳದ ಸ್ನಾಯು ಎದ್ದು ಚೀಲವನ್ನು ಮೇಲಕ್ಕೆತ್ತಿತು.

"ಗಟ್ಟಿ ಅದೀರಿ. ಯಾರು ಕಲಿಸ್ಯಾರ?"

"ಮೆಣಸಿನಕಾಯಿ" ಎಂದೆ.

ಚೀಲ ಕೆಳಗೆ ಜಾರದಂತೆ ಬಳೆಯಂಥ ರಿಂಗನ್ನು ಒಳಗೆ ಕೂರಿಸಿದರು. ಮೂರು ತಿಂಗಳಿಗೊಮ್ಮೆ ಬಂದು ತೊಳೆಸಿಕೊಳ್ಳಬೇಕು, ದಿನಾ ಬಿಗಿ ಹಿಡಿಯುವ ಕಸರತ್ತು ಮಾಡಬೇಕು. ಅದರಿಂದಲೂ ಆಗದಿದ್ದರೆ ಚೀಲ ಎತ್ತಿ ಹೊಲಿಯುವ ಆಪರೇಷನ್. ಸಂಜೆಯೊಳಗೆ ಉಚ್ಚೆ ಬರದಿದ್ದರೆ ತಿರುಗಿ ಬರಲೇಬೇಕು ಎಂದರು.

ಬಸ್‌ ಸ್ಟ್ಯಾಂಡಿನಲ್ಲಿ ಮಿರ್ಚಿ, ಮಂಡಕ್ಕಿ ತಿಂದೆವು. ಬೇಕೆಂದೇ ಎರಡು ಗ್ಲಾಸು ಕಬ್ಬಿನ ಹಾಲು ಕುಡಿದೆ. ಮೂರರ ಬಸ್ಸು ಮೋಟೆಬೆನ್ನೂರಿನಲ್ಲಿ ನಿಂತಾಗ ತಡೆಯಲಾಗಲಿಲ್ಲ, ಇಳಿದೆ. ಕಂಡಕ್ಟರು, "ಲಗೂ ಬರ್ರಿ ಅಜ್ಜಿ" ಎಂದ. ಜಾಲಿಯ ಮರೆಗೆ ಕೂತು ಎರಡೂ ಕೈಯಲ್ಲಿ ಸೀರೆ ಹಿಡಿದೆ. ಬಂತು. ತಾನಾಗೇ ಬಂತು, ಪೂರ್ತಿ ಬಂತು.

ಬಸ್ಸು ಹತ್ತಿದೆ. ಮಾಬೂಬಿ ನನ್ನ ಮುಖ ನೋಡಿದಳು. ಸರಿದು ಜಾಗ ಕೊಟ್ಟು, ಕಿಟಕಿಯ ಹೊರಗೆ ನೋಡುತ್ತ, "ನನಗೂ ಬೆರಳ ಬೇಕಾಗೇತಿ ಯಕ್ಕಾ" ಎಂದಳು.

"ಎಷ್ಟ ದಿನಾ ಆತು?"

"ಆರ ವರ್ಷ."

ಆರು ವರ್ಷವೂ ಮಗ್ಗುಲಲ್ಲೇ ಕೂತಿದ್ದಳು. ಮುಂದಿನ ಬುಧವಾರ ಕೆಲಸಕ್ಕೆ ಬರುವುದಿಲ್ಲವೆಂದು ಮಾಲೀಕನಿಗೆ ಇಬ್ಬರ ಪರವಾಗಿಯೂ ನಾನೇ ಹೇಳುತ್ತೇನೆ ಎಂದೆ.